ಸತ್ತವರ ರಕ್ತದಲ್ಲಿ ಔಷಧದ ಲೆಕ್ಕ

ಶವಪರೀಕ್ಷೆಯ ವರದಿಯಲ್ಲಿ ನಮೂದಾಗುವ ಅಂಕಿಯೇ ತೀರ್ಪೇ? ಅಲ್ಲ, ಪಾಟೀಸವಾಲಿಗೆ ಒಳಗಾಗಬೇಕಾದ ಸಾಕ್ಷಿಯೇ?

ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಮಕ್ಕಳಿಗೆಂದೇ ಮೀಸಲಾದ ಪ್ರಖ್ಯಾತ ಆಸ್ಪತ್ರೆಯೊಂದಿದೆ. ೧೯೮೦ನೆಯ ಇಸವಿಯ ಬೇಸಗೆಯಿಂದ ೧೯೮೧ರ ಮಾರ್ಚ್ ತಿಂಗಳವರೆಗೆ ಅಲ್ಲಿಯ ಹೃದ್ರೋಗ ವಿಭಾಗದಲ್ಲಿ ಎಳೆಯ ಕೂಸುಗಳು ಒಂದರ ಹಿಂದೊಂದರಂತೆ ಅಸುನೀಗತೊಡಗಿದುವು. ಹೃದಯದ ದೋಷದೊಂದಿಗೆ ಹುಟ್ಟಿದ ಮಕ್ಕಳೇನೋ ನಿಜ. ಆದರೆ ಸಾವಿನ ಸಂಖ್ಯೆ ಎಂದಿನ ಮಟ್ಟವನ್ನು ಮೀರಿ ಹಲವು ಪಟ್ಟು ಏರಿತ್ತು. ಅವುಗಳಲ್ಲಿ ಹೆಚ್ಚಿನವು ಸಂಭವಿಸಿದ್ದು ರಾತ್ರಿಯ ಪಾಳಿಯಲ್ಲಿ. ಕೆಲವು ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ ಡಿಜಾಕ್ಸಿನ್ ಎಂಬ ಔಷಧ ಇರಬೇಕಾದುದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಕಂಡುಬಂದಿತು. ಪೋಲೀಸರು ಬಂದರು. ಮಾರ್ಚ್ ೨೫ರಂದು ತರುಣ ದಾದಿಯೊಬ್ಬರ ಬಂಧನವಾಯಿತು. ನಾಲ್ಕು ಮಕ್ಕಳ ಕೊಲೆಯ ಆರೋಪ ಆಕೆಯ ಮೇಲೆ ಬಿದ್ದಿತು.

ಹದಿನಾಲ್ಕು ತಿಂಗಳು ಕಳೆದುವು. ೧೯೮೨ರ ಮೇ ತಿಂಗಳಲ್ಲಿ, ಪ್ರಾಥಮಿಕ ವಿಚಾರಣೆ ನಡೆಸಿದ ನ್ಯಾಯಾಧೀಶರು ಆಕೆಯ ವಿರುದ್ಧ ಪುರಾವೆಯಿಲ್ಲವೆಂದು ಹೇಳಿ ಆಕೆಯನ್ನು ಬಿಡುಗಡೆಗೊಳಿಸಿದರು. ಆ ನಾಲ್ಕು ಸಾವುಗಳಲ್ಲಿ ಒಂದು ಸಂಭವಿಸಿದಾಗ ಆಕೆ ಕರ್ತವ್ಯದ ಮೇಲೆಯೇ ಇರಲಿಲ್ಲ! ಮುಂದೆ ನ್ಯಾಯಮೂರ್ತಿ ಸ್ಯಾಮ್ಯುಯಲ್ ಗ್ರೇಂಜ್ ಅವರ ನೇತೃತ್ವದಲ್ಲಿ ವಿಚಾರಣಾ ಆಯೋಗವೊಂದು ಮೂವತ್ತಾರು ಸಾವುಗಳನ್ನು ಕುರಿತು ದೀರ್ಘ ವಿಚಾರಣೆ ನಡೆಸಿತು. ೧೯೮೫ರಲ್ಲಿ ಹೊರಬಂದ ಅದರ ವರದಿ, ಎಂಟು ಮಕ್ಕಳು ಡಿಜಾಕ್ಸಿನ್‌ನಿಂದಲೇ ಕೊಲೆಯಾದರೆಂದು ಸಾರಿತು. ಆದರೆ ಕೊಲೆಗಾರರಾರೆಂದು ಇಂದಿಗೂ ಯಾವ ನ್ಯಾಯಾಲಯವೂ ಹೇಳಿಲ್ಲ. ಅಷ್ಟೇ ಅಲ್ಲ, ಕೊಲೆಯೆಂಬುದೇ ನಡೆಯಲಿಲ್ಲ, ಆ ಅಂಕಿಗಳನ್ನು ಓದುವುದರಲ್ಲಿಯೇ ತಪ್ಪಾಯಿತು ಎಂದು ವಾದಿಸುವ ವೈದ್ಯರೂ ಇದ್ದಾರೆ.

ರಕ್ತದಲ್ಲಿ ಔಷಧ ಕಂಡದ್ದು ಕಣ್ಣಿಗೆ ಕಂಡ ಸತ್ಯ. ಅದನ್ನು ಅಳೆದದ್ದು ಯಂತ್ರ, ಯಂತ್ರಕ್ಕೆ ಪಕ್ಷಪಾತವಿಲ್ಲ. ಹಾಗಿದ್ದೂ ಅದರ ಅರ್ಥವೇನೆಂಬುದರಲ್ಲಿ ಇಷ್ಟೊಂದು ಮತಭೇದವೇಕೆ? ಈ ಪ್ರಶ್ನೆಗೆ ಉತ್ತರ ತಿಳಿದಿರುವುದು ವೈದ್ಯರಿಗೂ ವಕೀಲರಿಗೂ ಮಾತ್ರ ಅಗತ್ಯವಾದುದಲ್ಲ. ಅಕಸ್ಮಾತ್ತಾಗಿ ಮರಣ ಸಂಭವಿಸಿದ ಯಾವ ಮನೆಗಾದರೂ ಒಂದು ದಿನ ಅಂಥ ಕಾಗದ ಬಂದು ತಲಪಬಹುದು.

‘ಇದೆಯೇ?’ ಎಂಬುದರಿಂದ ‘ಎಷ್ಟು?’ ಎಂಬುದಕ್ಕೆ

ನಮ್ಮ ಕನ್ನಡದಲ್ಲಿ ‘ಮದ್ದು’ ಎಂಬ ಒಂದೇ ಮಾತು ಔಷಧಕ್ಕೂ ಸಲ್ಲುತ್ತದೆ, ವಿಷಕ್ಕೂ ಸಲ್ಲುತ್ತದೆ. ವೈದ್ಯನು ಕೊಡುವುದೂ ಮದ್ದು. ವೈರಿಯು ಅನ್ನದಲ್ಲಿ ಬೆರೆಸಿ ಹಾಕಿದನೆನ್ನುವುದೂ ಮದ್ದು. ವಸ್ತುವನ್ನು ವಿಷವಾಗಿಸುವುದು ಅದರ ಪ್ರಮಾಣವೇ ಎಂದು ಹದಿನಾರನೆಯ ಶತಮಾನದಲ್ಲಿ ಪ್ಯಾರಸೆಲ್ಸಸ್ ಎಂಬ ಐರೋಪ್ಯ ವೈದ್ಯನು ಪ್ರತಿಪಾದಿಸಿದ ತತ್ತ್ವವನ್ನು ನಮ್ಮ ಹಿರಿಯರು ‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆಯಲ್ಲಿ ಅಡಗಿಸಿಟ್ಟಿದ್ದಾರೆ.

ಆದರೆ ಪ್ರಮಾಣವನ್ನು ಅಳೆಯುವ ಸಾಮರ್ಥ್ಯ ಬಹುಕಾಲ ಮನುಷ್ಯನಿಗಿರಲಿಲ್ಲ. ವಿಷವು ದೇಹದಲ್ಲಿ ಇದೆಯೇ ಇಲ್ಲವೇ ಎಂದು ತಿಳಿಯುವುದೇ ಒಂದು ಸಾಹಸವಾಗಿತ್ತು. ೧೮೩೬ರಲ್ಲಿ ಜೇಮ್ಸ್ ಮಾರ್ಷ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞನು ಪಾಷಾಣವನ್ನು ಪತ್ತೆಹಚ್ಚುವ ವಿಧಾನವನ್ನು ಪ್ರಕಟಿಸಿದ. ೧೮೫೦ರ ಸುಮಾರಿಗೆ ಬೆಲ್ಜಿಯಂ ದೇಶದ ಜೀನ್ ಸ್ಟಾಸ್ ಎಂಬವನು ಕೊಲೆಯಾದವನ ದೇಹದಿಂದ ಹೊಗೆಸೊಪ್ಪಿನ ನಿಕೋಟಿನ್ ವಿಷವನ್ನು ಬೇರ್ಪಡಿಸಿ ತೋರಿಸಿದ. ಅವನ ವಿಧಾನದ ಪರಿಷ್ಕೃತ ರೂಪವು ಭಾರತದ ಪ್ರಯೋಗಶಾಲೆಗಳಿಗೆ ಚಿರಪರಿಚಿತ. ನಮ್ಮ ದೇಶದಲ್ಲಿ ಸರ್ಕಾರದ ಪ್ರಥಮ ರಾಸಾಯನಿಕ ಪರೀಕ್ಷಕರ ಪ್ರಯೋಗಶಾಲೆ ಮದರಾಸಿನಲ್ಲಿ ಸ್ಥಾಪಿತವಾದದ್ದು ೧೮೪೯ರಲ್ಲಿ.

ಇಂದಿನ ಯಂತ್ರಗಳ ಸೂಕ್ಷ್ಮತೆಯಾದರೋ ಊಹೆಗೂ ನಿಲುಕದು. ಒಂದು ಮಿಲಿಲೀಟರ್ ರಕ್ತದಲ್ಲಿ ಒಂದು ನ್ಯಾನೋಗ್ರಾಂ ಔಷಧವಿದ್ದರೂ ಅವು ಕಂಡುಹಿಡಿಯಬಲ್ಲವು. ಹತ್ತು ಲಕ್ಷ ಲೀಟರ್ ನೀರು ತುಂಬಿದ ಕೊಳದಲ್ಲಿ ಒಂದೇ ಒಂದು ಗ್ರಾಂ ಸಕ್ಕರೆಯನ್ನು ಕರಗಿಸಿದರೆ ಎಷ್ಟು ಸಿಹಿಯೋ, ಅಷ್ಟು! ಈ ಸೂಕ್ಷ್ಮತೆಯೇ ಹೊಸದೊಂದು ತೊಡಕನ್ನು ತಂದಿದೆ. ‘ಇದೆಯೇ?’ ಎಂಬ ಪ್ರಶ್ನೆಗೆ ಈಗ ‘ಇದೆ’ ಎಂಬ ಉತ್ತರ ಸುಲಭ. ‘ಎಷ್ಟಿದೆ?’ ಎಂಬುದಕ್ಕೂ ಉತ್ತರವುಂಟು. ಆದರೆ ‘ಅಷ್ಟಿದ್ದರೆ ಏನರ್ಥ?’ ಎಂಬುದಕ್ಕೆ ಯಂತ್ರ ಉತ್ತರಿಸಲಾರದು. ಅದನ್ನು ಮನುಷ್ಯನೇ ಹೇಳಬೇಕು.

ಗಸಗಸೆಯ ಪಾಯಸವನ್ನೇ ತೆಗೆದುಕೊಳ್ಳಿ. ಗಸಗಸೆ ಅಫೀಮಿನ ಗಿಡದ ಬೀಜ. ಅದನ್ನು ಯಥೇಚ್ಛವಾಗಿ ಸೇವಿಸಿದವರ ಮೂತ್ರದಲ್ಲಿ ಮಾರ್ಫಿನ್ ಕಾಣಿಸಿಕೊಳ್ಳಬಹುದು. ಅಮೆರಿಕದಲ್ಲಿ ನೌಕರರ ಮೂತ್ರಪರೀಕ್ಷೆಗೆಂದು ಮೊದಲು ಮಿಲಿಲೀಟರಿಗೆ ೩೦೦ ನ್ಯಾನೋಗ್ರಾಂ ಎಂಬ ಗಡಿಯಿತ್ತು. ಗಸಗಸೆ ಉದುರಿಸಿದ ರೊಟ್ಟಿ ತಿಂದವರೂ ಸಿಕ್ಕಿಬೀಳುವಂತಾದುದರಿಂದ, ೧೯೯೮ರಲ್ಲಿ ಆ ಗಡಿಯನ್ನು ೨,೦೦೦ಕ್ಕೆ ಏರಿಸಬೇಕಾಯಿತು. ಹೆರಾಯಿನ್ ಸೇವಿಸಿದವನನ್ನು ಗುರುತಿಸಲು ಪರೀಕ್ಷಕರು ಬೇರೊಂದು ಕುರುಹನ್ನು ಅರಸುತ್ತಾರೆ: ಹೆರಾಯಿನ್ ದೇಹದಲ್ಲಿ ಮಾರ್ಫಿನ್ ಆಗಿ ಮಾರ್ಪಡುವ ಹಾದಿಯಲ್ಲಿ ಹುಟ್ಟಿ ಬೇಗನೆ ಮರೆಯಾಗುವ ಒಂದು ನಡುವಣ ವಸ್ತುವನ್ನು. ಪಾಯಸ ಉಂಡವನಲ್ಲಿ ಅದು ಇರಲಾರದು.

ಪ್ರಾಣ ಹೋದರೂ ಔಷಧ ನಿಲ್ಲದು

ಪ್ರಾಣ ಹೋದೊಡನೆ ದೇಹದ ವ್ಯಾಪಾರಗಳೆಲ್ಲವೂ ನಿಂತುಹೋಗುವುವೆಂದೂ, ರಕ್ತದಲ್ಲಿದ್ದ ಔಷಧವು ಆ ಕ್ಷಣದಲ್ಲಿ ಎಷ್ಟಿತ್ತೋ ಅಷ್ಟೇ ಉಳಿದುಕೊಳ್ಳುವುದೆಂದೂ ನಾವು ಸಹಜವಾಗಿ ಭಾವಿಸುತ್ತೇವೆ. ತಜ್ಞರೂ ಬಹುಕಾಲ ಹಾಗೆಯೇ ಭಾವಿಸಿದ್ದರು. ಆದರೆ ಸತ್ಯಸ್ಥಿತಿ ಬೇರೆ.

ಅನೇಕ ಔಷಧಗಳು ರಕ್ತದಲ್ಲಿ ಉಳಿಯುವುದೇ ಅತ್ಯಲ್ಪ. ಅವು ಹೃದಯದ ಸ್ನಾಯು, ಯಕೃತ್ತು, ಶ್ವಾಸಕೋಶಗಳಲ್ಲಿ ಹೋಗಿ ಸೇರಿಕೊಳ್ಳುತ್ತವೆ. ಡಿಜಾಕ್ಸಿನ್ ಇದಕ್ಕೆ ಒಳ್ಳೆಯ ನಿದರ್ಶನ. ಇದು ದುರ್ಬಲ ಹೃದಯಕ್ಕೆ ಬಲ ಕೊಡುವ ಮದ್ದು. ಇದರ ಮೂಲ ಫಾಕ್ಸ್‌ಗ್ಲವ್ ಎಂಬ ಹೂಗಿಡದ ಜಾತಿ. ಆ ಗಿಡದ ಗುಣವನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ೧೭೮೫ರಲ್ಲಿಯೇ ಗ್ರಂಥರೂಪದಲ್ಲಿ ಪ್ರಕಟಿಸಿದ್ದ. ಎಪ್ಪತ್ತು ಕಿಲೋ ತೂಕದ ಮನುಷ್ಯನು ನುಂಗಿದ ಡಿಜಾಕ್ಸಿನ್ ಎಷ್ಟು, ಅವನ ರಕ್ತದಲ್ಲಿ ಕಂಡದ್ದೆಷ್ಟು ಎಂದು ಲೆಕ್ಕ ಹಾಕಿದರೆ, ಅವನ ದೇಹದಲ್ಲಿ ಸುಮಾರು ಐನೂರು ಲೀಟರ್ ದ್ರವವಿರಬೇಕೆಂದು ಉತ್ತರ ಬರುತ್ತದೆ! ಇರುವ ರಕ್ತವಾದರೋ ಐದೇ ಲೀಟರ್. ಮಿಕ್ಕ ಔಷಧವೆಲ್ಲಿ? ಹೃದಯದ ಸ್ನಾಯುವಿನಲ್ಲಿ, ಮೂತ್ರಪಿಂಡಗಳಲ್ಲಿ, ಮೈಯ ಮಾಂಸಖಂಡಗಳಲ್ಲಿ ಅದು ಅಡಗಿ ಕುಳಿತಿರುತ್ತದೆ.

ಜೀವವಿರುವವರೆಗೆ ಈ ವ್ಯವಸ್ಥೆ ಕೆಡುವುದಿಲ್ಲ. ಮರಣಾನಂತರ ಜೀವಕೋಶಗಳ ಗೋಡೆಗಳು ಶಿಥಿಲವಾಗುತ್ತವೆ. ಕಟ್ಟೆಯೊಡೆದ ಕೆರೆಯ ನೀರಿನಂತೆ, ಅಡಗಿದ್ದ ಔಷಧ ಹೊರಗೆ ಒಸರಿ ಹತ್ತಿರದ ರಕ್ತನಾಳಗಳಿಗೆ ಇಳಿಯುತ್ತದೆ. ಜಠರದಲ್ಲಿ ಕರಗದೆ ಉಳಿದ ಮಾತ್ರೆಯ ಅಂಶವೂ ಪಕ್ಕದ ಅಂಗಗಳಿಗೆ ಹಬ್ಬುತ್ತದೆ. ಗಂಟೆಗಳು ಕಳೆದಂತೆ ಹೃದಯದ ಗೂಡಿನಲ್ಲಿರುವ ರಕ್ತದಲ್ಲಿ ಔಷಧದ ಪ್ರಮಾಣ ಏರುತ್ತ ಹೋಗುತ್ತದೆ. ವೈದ್ಯನು ಬರೆದುಕೊಟ್ಟ ಪ್ರಮಾಣದಲ್ಲಿಯೇ ಮದ್ದು ಸೇವಿಸುತ್ತಿದ್ದು ಸಹಜವಾಗಿ ಮಡಿದವನೂ, ಮರುದಿನ ತೆಗೆದ ರಕ್ತದ ಲೆಕ್ಕದಲ್ಲಿ ವಿಷ ಸೇವಿಸಿದವನಂತೆ ಕಾಣಿಸಿಕೊಳ್ಳಬಹುದು. ಸ್ಕಾಟ್ಲೆಂಡಿನ ಡೆರಿಕ್ ಪೌಂಡರ್ ಮತ್ತು ಅವರ ಸಹೋದ್ಯೋಗಿ ೧೯೯೦ರಲ್ಲಿ ಪ್ರಕಟಿಸಿದ ಪ್ರಬಂಧವೊಂದರ ಶೀರ್ಷಿಕೆಯಲ್ಲಿಯೇ ಈ ವಿದ್ಯಮಾನವನ್ನು ವಿಷವಿಜ್ಞಾನದ ದುಃಸ್ವಪ್ನವೆಂದು ಕರೆದರು.

ಟೊರಾಂಟೊ ಮಕ್ಕಳ ರಕ್ತದ ವಿಚಾರದಲ್ಲಿ ಎದ್ದ ಆಕ್ಷೇಪಗಳಲ್ಲಿ ಇದು ಮೊದಲನೆಯದು. ಎರಡನೆಯದು ಇನ್ನೂ ವಿಚಿತ್ರವಾದುದು. ಅಂದಿನ ಪರೀಕ್ಷಾವಿಧಾನವು ಡಿಜಾಕ್ಸಿನ್‌ನ ಆಕಾರಕ್ಕೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಅವಲಂಬಿಸಿತ್ತು. ಡಿಜಾಕ್ಸಿನ್‌ನ ಒಂದು ಹನಿಯನ್ನೂ ಪಡೆಯದ ನವಜಾತ ಶಿಶುಗಳ ರಕ್ತದಲ್ಲಿಯೂ ಅದನ್ನು ಹೋಲುವ ಸಹಜ ವಸ್ತುವೊಂದಿರುವುದೆಂದೂ, ಪರೀಕ್ಷೆ ಅದನ್ನು ಡಿಜಾಕ್ಸಿನ್ ಎಂದೇ ಎಣಿಸುವುದೆಂದೂ ೧೯೮೦ರ ದಶಕದಲ್ಲಿ ಸ್ಪಷ್ಟವಾಯಿತು. ನಮ್ಮ ಹಿತ್ತಲಿನ ಕಣಗಿಲೆಯೂ ಇದೇ ಮೋಸವನ್ನು ಮಾಡಬಲ್ಲದು. ಕಣಗಿಲೆಯ ವಿಷವು ಡಿಜಾಕ್ಸಿನ್‌ನ ದೂರದ ನೆಂಟ. ಅದು ಮೈಸೇರಿದವರ ರಕ್ತವನ್ನು ಆ ವಿಧಾನದಿಂದ ಪರೀಕ್ಷಿಸಿದರೆ ‘ಡಿಜಾಕ್ಸಿನ್ ಇದೆ’ ಎಂಬ ಉತ್ತರ ಬರುವುದುಂಟು. ಇವೆಲ್ಲವುಗಳಿಂದ ಆಯೋಗದ ತೀರ್ಮಾನ ಸುಳ್ಳಾಯಿತೆಂದು ಹೇಳಲಾಗದು. ಅಂಕಿಯೊಂದನ್ನೇ ನೆಚ್ಚಿ ತರುಣಿಯೊಬ್ಬಳ ಕೈಗೆ ಕೋಳ ತೊಡಿಸುವುದು ಎಷ್ಟು ಅಪಾಯಕರವೆಂಬುದನ್ನಂತೂ ಒಪ್ಪಲೇಬೇಕು.

ಈ ಕಾರಣದಿಂದಲೇ ಬಲ್ಲ ಪರೀಕ್ಷಕರು ಹೃದಯದ ರಕ್ತವನ್ನು ಮಾತ್ರವೇ ನಂಬುವುದಿಲ್ಲ. ಎದೆಯ, ಹೊಟ್ಟೆಯ ಅಂಗಗಳಿಂದ ದೂರವಾಗಿರುವ ತೊಡೆಯ ರಕ್ತನಾಳದಿಂದ, ಮೇಲ್ಭಾಗವನ್ನು ಕಟ್ಟಿ, ರಕ್ತವನ್ನು ತೆಗೆಯುತ್ತಾರೆ. ಅದರ ಜೊತೆಗೆ ಹೃದಯದ ರಕ್ತ, ಯಕೃತ್ತು, ಜಠರದ ಪದಾರ್ಥ, ಮೂತ್ರ ಇವುಗಳನ್ನೂ ಪರೀಕ್ಷಿಸಿ ಒಂದರೊಡನೊಂದನ್ನು ತಾಳೆನೋಡುತ್ತಾರೆ. ನರದ ನೋವಿಗೂ ಮನೋವ್ಯಾಕುಲತೆಗೂ ನಮ್ಮಲ್ಲಿ ಧಾರಾಳವಾಗಿ ಬರೆದುಕೊಡುವ ಅಮಿಟ್ರಿಪ್ಟಿಲಿನ್ ಎಂಬ ಮದ್ದಿನ ಪ್ರಮಾಣವು ಒಂದೇ ದೇಹದಲ್ಲಿ ತೊಡೆಯ ರಕ್ತಕ್ಕಿಂತ ಹೃದಯದ ರಕ್ತದಲ್ಲಿ ಹಲವು ಪಟ್ಟು ಹೆಚ್ಚಿರಬಹುದು. ಹಾಗಾದರೆ ಎಲ್ಲಿಂದ ತೆಗೆದ ರಕ್ತವೆಂಬುದನ್ನು ಹೇಳದ ವರದಿಯನ್ನು ಓದುವುದಾದರೂ ಹೇಗೆ?

ಕುಡಿಯದವನ ರಕ್ತದಲ್ಲಿ ಮದ್ಯ

ನಮ್ಮ ಮೋಟಾರು ವಾಹನ ಕಾನೂನಿನ ಪ್ರಕಾರ ಚಾಲಕನ ನೂರು ಮಿಲಿಲೀಟರ್ ರಕ್ತದಲ್ಲಿ ಮೂವತ್ತು ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿರುವುದು ಅಪರಾಧ. ಅಪಘಾತದಲ್ಲಿ ಮಡಿದವನ ರಕ್ತದಲ್ಲಿ ಈ ಗಡಿಯನ್ನು ಮೀರಿದ ಅಂಕಿ ಕಂಡಿತೆನ್ನೋಣ. ‘ಕುಡಿದು ವಾಹನ ನಡೆಸಿದ’ ಎಂಬ ಅಪವಾದ, ವಿಮೆಯ ಹಣಕ್ಕೆ ತಕರಾರು, ಊರವರ ಪಿಸುಮಾತು ಎಲ್ಲವೂ ಆ ಅಂಕಿಯ ಬೆನ್ನ ಹಿಂದೆಯೇ ಬರುತ್ತವೆ.

ಆದರೆ ಜೀವಮಾನದಲ್ಲಿ ಮದ್ಯವನ್ನೇ ಮುಟ್ಟದವನ ದೇಹದಲ್ಲಿಯೂ ಸಾವಿನ ಬಳಿಕ ಮದ್ಯಸಾರ ಹುಟ್ಟಬಹುದು! ಶವ ಕೊಳೆಯತೊಡಗಿದಾಗ ಕರುಳಿನ ಸೂಕ್ಷ್ಮಜೀವಿಗಳು ರಕ್ತಕ್ಕೆ ಲಗ್ಗೆಯಿಟ್ಟು ಅಲ್ಲಿರುವ ಸಕ್ಕರೆಯನ್ನು ಹುದುಗಿಸುತ್ತವೆ. ಬೇಸಗೆಯ ಬಿಸಿಲಲ್ಲಿ ಬಿದ್ದಿದ್ದ ಅಥವಾ ಶೀತಾಗಾರ ಸೇರಲು ತಡವಾದ ದೇಹದಲ್ಲಿ ಹೀಗೆ ಹುಟ್ಟಿದ ಮದ್ಯಸಾರವು ಕಾನೂನಿನ ಗಡಿಯನ್ನು ದಾಟಿಬಿಡಬಲ್ಲದು. ರಕ್ತವನ್ನು ತೆಗೆದು ಸೀಸೆಗೆ ತುಂಬಿದ ಮೇಲೂ ಈ ಕೆಲಸ ಮುಂದುವರಿಯಬಹುದಾದುದರಿಂದಲೇ ಸೀಸೆಯಲ್ಲಿ ಸೋಡಿಯಂ ಫ್ಲೋರೈಡ್ ಎಂಬ ಲವಣವನ್ನು ಮೊದಲೇ ಹಾಕಿಟ್ಟಿರಬೇಕು.

ಹಾಗಾದರೆ ನಿಜವಾಗಿ ಕುಡಿದವನನ್ನೂ ಕುಡಿಯದವನನ್ನೂ ಬೇರ್ಪಡಿಸುವ ಬಗೆಯೆಂತು? ಪ್ರಕೃತಿಯೇ ಇದಕ್ಕೊಂದು ಉಪಾಯವನ್ನು ಒದಗಿಸಿದೆ. ಕಣ್ಣುಗುಡ್ಡೆಯೊಳಗಿನ ಸ್ಫಟಿಕದಂಥ ದ್ರವವು ಕರುಳಿನಿಂದ ದೂರ, ಭದ್ರವಾದ ಕೋಟೆಯಲ್ಲಿದೆ. ಕೊಳೆಸುವ ಜೀವಿಗಳು ಅಲ್ಲಿಗೆ ತಲಪುವುದು ಬಹಳ ತಡವಾಗಿ. ರಕ್ತದಲ್ಲಿ ಮದ್ಯಸಾರವಿದ್ದು ಕಣ್ಣಿನ ದ್ರವದಲ್ಲಿ ಇಲ್ಲದಿದ್ದರೆ, ಅದು ಬಹುಮಟ್ಟಿಗೆ ಸತ್ತ ಮೇಲೆ ಹುಟ್ಟಿದುದು. ಇನ್ನೊಂದು ಕುರುಹೂ ಉಂಟು: ಮದ್ಯವನ್ನು ಕುಡಿದಾಗ ಜೀವಂತ ಯಕೃತ್ತು ಅದರ ಅಲ್ಪಾಂಶವನ್ನು ಎಥೈಲ್ ಗ್ಲುಕುರೊನೈಡ್ ಎಂಬ ವಸ್ತುವನ್ನಾಗಿ ಮಾರ್ಪಡಿಸುತ್ತದೆ. ಅದು ಸಿಕ್ಕಿದರೆ ಕುಡಿದದ್ದು ಹೌದೆನ್ನಲು ಬಲವಾದ ಆಧಾರ.

ಹೊಸದಾಗಿ ಹುಟ್ಟುವುವು ಇರುವಂತೆ ಇದ್ದುದು ಅಳಿಯುವುದೂ ಉಂಟು. ಕೊಕೇನ್ ಸತ್ತ ಮೇಲೂ ಕರಗುತ್ತಲೇ ಹೋಗುತ್ತದೆ. ನಿದ್ರೆಗೂ ಅಪಸ್ಮಾರಕ್ಕೂ ಕೊಡುವ ಕ್ಲೋನಜೆಪಾಮ್ ಮಾತ್ರೆಯ ಅಂಶವನ್ನು ಸೂಕ್ಷ್ಮಜೀವಿಗಳು ಬೇರೊಂದು ರೂಪಕ್ಕೆ ತಿರುಗಿಸಿಬಿಡುತ್ತವೆ. ಆ ರೂಪವನ್ನೂ ಹುಡುಕದವನಿಗೆ ಮಾತ್ರೆ ನುಂಗಿಯೇ ಇಲ್ಲವೆಂದು ತೋರೀತು. ‘ವಿಷ ಕಂಡುಬಂದಿಲ್ಲ’ ಎಂಬ ಒಕ್ಕಣೆಯೂ ಆದಕಾರಣ ಕಡೆಯ ಮಾತಲ್ಲ. ಒಳಾಂಗಗಳಲ್ಲಿ ವಿಷ ಸಿಗಲಿಲ್ಲವೆಂಬ ಮಾತ್ರಕ್ಕೆ ವಿಷಪ್ರಾಶನ ನಡೆದಿಲ್ಲವೆಂದು ಹೇಳಲಾಗದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವೂ ಅಭಿಪ್ರಾಯಪಟ್ಟಿದೆ.

ಅಂಕಿ ಒಂದೇ, ಮನುಷ್ಯರು ಇಬ್ಬರು

ರಕ್ತವನ್ನು ಸರಿಯಾದ ಸ್ಥಳದಿಂದ, ಸರಿಯಾದ ಸಮಯದಲ್ಲಿ, ಸರಿಯಾದ ಸೀಸೆಗೆ ತೆಗೆದದ್ದಾಯಿತು. ಇನ್ನಾದರೂ ಅಂಕಿ ಮಾತನಾಡುವುದೇ? ಇನ್ನೂ ಇಲ್ಲ.

ಪ್ರತಿಯೊಂದು ಔಷಧಕ್ಕೂ ಚಿಕಿತ್ಸೆಯ ಮಟ್ಟ, ಅಪಾಯದ ಮಟ್ಟ, ಮಾರಕ ಮಟ್ಟ ಎಂದು ಮೂರು ಅಂಕಣಗಳಿರುವ ಕೋಷ್ಟಕಗಳು ಗ್ರಂಥಗಳಲ್ಲಿವೆ. ಕೋಷ್ಟಕವನ್ನು ತೆರೆದು, ಅಂಕಿಯ ಮೇಲೆ ಬೆರಳಿಟ್ಟು, ತೀರ್ಪು ಹೇಳಿಬಿಡುವ ಆಸೆ ಯಾರಿಗಾದರೂ ಹುಟ್ಟೀತು. ಆದರೆ ಚಿಕಿತ್ಸೆಯ ಮಟ್ಟವನ್ನು ಗೊತ್ತುಮಾಡಿದ್ದು ಜೀವಂತ ರೋಗಿಗಳಿಂದ ತೆಗೆದು, ಕಣಗಳನ್ನು ಬೇರ್ಪಡಿಸಿದ ತಿಳಿರಕ್ತದಿಂದ. ಶವದಿಂದ ದೊರೆಯುವುದು ಕಣಗಳೆಲ್ಲ ಒಡೆದು ಬೆರೆತ ಇಡಿಯ ರಕ್ತ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಇದಕ್ಕಿಂತ ಮುಖ್ಯವಾದುದು ದೇಹದ ಅಭ್ಯಾಸ. ಕ್ಯಾನ್ಸರಿನ ಯಾತನೆಯನ್ನು ತಡೆಯಲು ತಿಂಗಳುಗಟ್ಟಲೆ ಮಾರ್ಫಿನ್ ಸೇವಿಸುತ್ತಿರುವ ರೋಗಿಯ ದೇಹ ಅದಕ್ಕೆ ಒಗ್ಗಿಹೋಗಿರುತ್ತದೆ. ಹಿಂದೆಂದೂ ಅದನ್ನು ಸೇವಿಸದವನ ಉಸಿರನ್ನು ನಿಲ್ಲಿಸುವಷ್ಟು ಮಾರ್ಫಿನ್ ರಕ್ತದಲ್ಲಿದ್ದರೂ ಆತ ಎದ್ದು ಕುಳಿತು ಮೊಮ್ಮಕ್ಕಳೊಡನೆ ಮಾತನಾಡುತ್ತಿರಬಹುದು. ಇದಕ್ಕೆ ವಿಪರೀತವಾಗಿ, ಚಟಕ್ಕೆ ಬಿದ್ದವನು ಸೆರೆಮನೆಯಲ್ಲೋ ಚಟ ಬಿಡಿಸುವ ಕೇಂದ್ರದಲ್ಲೋ ಕೆಲಕಾಲವಿದ್ದು ಹೊರಬಂದಾಗ ಅವನ ದೇಹ ಆ ಅಭ್ಯಾಸವನ್ನು ಮರೆತಿರುತ್ತದೆ. ಹಿಂದೆ ತಾಳಿಕೊಂಡಿದ್ದ ಪ್ರಮಾಣವೇ ಈಗ ಅವನನ್ನು ಕೊಲ್ಲುತ್ತದೆ.

ಹುಟ್ಟಿನಿಂದ ಬಂದ ವ್ಯತ್ಯಾಸಗಳೂ ಉಂಟು. ಕೋಡೀನ್ ಎಂಬ ಮದ್ದು ಯಕೃತ್ತಿನ ಒಂದು ಕಿಣ್ವದಿಂದ ಮಾರ್ಫಿನ್ ಆಗಿ ಮಾರ್ಪಡುತ್ತದೆ. ಕೆಲವರಲ್ಲಿ ಈ ಕಿಣ್ವದ ವೇಗ ವಿಪರೀತ. ಅಂಥವರಿಗೆ ಸಾಮಾನ್ಯ ಪ್ರಮಾಣವೂ ಅತಿಯಾದೀತು. ಗಂಟಲಿನ ಗ್ರಂಥಿಗಳ ಶಸ್ತ್ರಚಿಕಿತ್ಸೆಯಾದ ಮಕ್ಕಳಿಗೆ ಕೋಡೀನ್ ಕೊಡಕೂಡದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ೨೦೧೩ರಲ್ಲಿ ಕಟ್ಟೆಚ್ಚರಿಕೆ ನೀಡಲು ಇಂಥ ದುರಂತಗಳೇ ಕಾರಣ. ಆ ಮಕ್ಕಳಿಗೆ ಯಾರೂ ಹೆಚ್ಚು ಮದ್ದು ಹಾಕಿರಲಿಲ್ಲ.

ಇಷ್ಟು ಹೇಳಿದ ಮೇಲೆ, ಅಂಕಿಗಳಿಂದ ಪ್ರಯೋಜನವೇ ಇಲ್ಲವೆಂದು ವಾಚಕರು ಭಾವಿಸಬಾರದು. ಸನ್ನಿವೇಶದೊಡನೆ ಕೂಡಿದ ಅಂಕಿಗೆ ಎಂಥ ಬಲವಿದೆಯೆಂಬುದಕ್ಕೆ ಇಂಗ್ಲೆಂಡಿನ ಹೆರಾಲ್ಡ್ ಶಿಪ್‌ಮನ್ ಎಂಬ ವೈದ್ಯನ ಮೊಕದ್ದಮೆಯೇ ಸಾಕ್ಷಿ. ಮ್ಯಾಂಚೆಸ್ಟರ್ ಬಳಿಯ ಹೈಡ್ ಎಂಬ ಪಟ್ಟಣದಲ್ಲಿ ಜನಪ್ರಿಯನಾಗಿದ್ದ ಈತನ ರೋಗಿಗಳಲ್ಲಿ ವಯಸ್ಸಾದ ಹೆಂಗಸರು ಅನಿರೀಕ್ಷಿತವಾಗಿ ಸಾಯುತ್ತಿದ್ದರು. ೧೯೯೮ರಲ್ಲಿ ವೃದ್ಧೆಯೊಬ್ಬರ ಉಯಿಲು ಶಂಕಾಸ್ಪದವಾಗಿ ಕಂಡು, ಹೂತಿದ್ದ ದೇಹವನ್ನು ಹೊರತೆಗೆಸಿ ಪರೀಕ್ಷಿಸಿದಾಗ ಮಾರ್ಫಿನ್ ಪತ್ತೆಯಾಯಿತು. ಶಿಪ್‌ಮನ್ ಕೊಟ್ಟ ಸಮಜಾಯಿಷಿಯೇನು? ಆಕೆಗೆ ಅಮಲುಪದಾರ್ಥದ ಚಟವಿತ್ತೆಂಬ ಶಂಕೆ ತನಗೆ ಮೊದಲೇ ಇತ್ತೆಂದೂ, ದಾಖಲೆಯಲ್ಲಿ ಹಾಗೆ ಬರೆದಿರುವೆನೆಂದೂ ಆತ ಹೇಳಿದ. ನೋಡಿ, ಅಂಕಿಯ ಅರ್ಥ ಸನ್ನಿವೇಶವನ್ನು ಅವಲಂಬಿಸಿದೆಯೆಂಬುದು ಕೊಲೆಗಾರನಿಗೂ ಗೊತ್ತಿತ್ತು! ಆದರೆ ಆ ಟಿಪ್ಪಣಿಗಳನ್ನು ಆಕೆಯ ಮರಣಾನಂತರ ಸೇರಿಸಿ ಹಿಂದಿನ ತಾರೀಖು ಹಾಕಲಾಗಿತ್ತೆಂಬುದನ್ನು ಆತನ ಗಣಕಯಂತ್ರವೇ ಬಯಲುಮಾಡಿತು. ೨೦೦೦ದ ಜನವರಿಯಲ್ಲಿ ಹದಿನೈದು ಕೊಲೆಗಳಿಗಾಗಿ ಆತನಿಗೆ ಶಿಕ್ಷೆಯಾಯಿತು. ೨೧೫ ಮಂದಿಯನ್ನು ಆತ ಕೊಂದಿದ್ದನೆಂದು ಮುಂದಿನ ಸಾರ್ವಜನಿಕ ವಿಚಾರಣೆ ೨೦೦೨ರಲ್ಲಿ ನಿರ್ಣಯಿಸಿತು.

ಮಣ್ಣೂ ಕೂದಲೂ ಹೇಳುವ ಕಥೆ

ಸನ್ನಿವೇಶವನ್ನು ಬಿಟ್ಟು ಅಂಕಿಯನ್ನು ಓದುವ ಆತುರ ಇಂದುನಿನ್ನೆಯದಲ್ಲ. ಫ್ರಾನ್ಸಿನ ಲೂದ್ಯುನ್ ಪಟ್ಟಣದ ಮಾರಿ ಬೆನಾರ್ ಎಂಬಾಕೆ ಪತಿಯೂ ಸೇರಿದಂತೆ ಹತ್ತಕ್ಕೂ ಮಿಕ್ಕಿದ ಬಂಧುಬಳಗದವರಿಗೆ ಪಾಷಾಣವಿಕ್ಕಿದಳೆಂದು ೧೯೪೯ರಲ್ಲಿ ಬಂಧಿಸಲ್ಪಟ್ಟಳು. ಗೋರಿಗಳಿಂದ ತೆಗೆದ ಅವಶೇಷಗಳಲ್ಲಿ ಪಾಷಾಣವೇನೋ ಇತ್ತು. ಆದರೆ ಅದು ಸ್ಮಶಾನದ ಮಣ್ಣಿನಿಂದಲೇ ದೇಹಗಳಿಗೆ ಇಳಿದಿರಬಹುದಲ್ಲವೇ ಎಂದು ಆಕೆಯ ವಕೀಲರು ಕೇಳಿದರು. ತಜ್ಞರು ತಜ್ಞರೊಡನೆ ಹೋರಾಡಿದರು. ಮೂರು ಬಾರಿ ವಿಚಾರಣೆ ನಡೆದು, ೧೯೬೧ರಲ್ಲಿ ಆಕೆ ನಿರ್ದೋಷಿಯೆಂದು ಬಿಡುಗಡೆಯಾದಳು.

ನೆಪೋಲಿಯನ್ನನ ಕೂದಲಿನ ಕಥೆಯೂ ಇಂಥದೇ. ೧೮೨೧ರಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ತೀರಿಕೊಂಡ ಆ ಚಕ್ರವರ್ತಿಯ ಕೂದಲಿನಲ್ಲಿ ಪಾಷಾಣ ಕಂಡಾಗ, ಆಂಗ್ಲರು ವಿಷವಿಕ್ಕಿ ಕೊಂದರೆಂಬ ವಾದಕ್ಕೆ ರೆಕ್ಕೆ ಮೂಡಿತು. ೨೦೦೮ರಲ್ಲಿ ಇಟಲಿಯ ವಿಜ್ಞಾನಿಗಳು ಅವನ ಬಾಲ್ಯದ ಕೂದಲನ್ನೂ, ರಾಣಿ ಜೋಸೆಫೀನಳ ಮತ್ತು ಅವನ ಮಗನ ಕೂದಲನ್ನೂ ಪರೀಕ್ಷಿಸಿದರು. ಎಲ್ಲರ ಕೂದಲಿನಲ್ಲಿಯೂ ಪಾಷಾಣ ಇಂದಿನವರಲ್ಲಿ ಇರುವುದಕ್ಕಿಂತ ಸುಮಾರು ನೂರು ಪಟ್ಟು ಹೆಚ್ಚಿತ್ತು! ಅದು ಆ ಕಾಲದ ಬಾಳಿನಲ್ಲಿಯೇ ಬೆರೆತಿದ್ದ ವಿಷ. ಹೋಲಿಸಿ ನೋಡಲು ಇನ್ನೊಂದು ಅಂಕಿ ಇಲ್ಲದಿದ್ದುದರಿಂದ ಕೊಲೆಯ ಕಥೆ ಹುಟ್ಟಿತ್ತು.

ಅದೇ ಕೂದಲನ್ನು ಸರಿಯಾಗಿ ಓದಿದರೆ ಅದು ದಿನಚರಿಯ ಪುಸ್ತಕದಂತೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವ ಕೂದಲನ್ನು ತುಂಡುತುಂಡಾಗಿ ಪರೀಕ್ಷಿಸಿ, ಮೃತನು ಔಷಧವನ್ನು ಬಹುಕಾಲದಿಂದ ಸೇವಿಸುತ್ತಿದ್ದನೇ ಎಂಬುದನ್ನು ತಿಳಿಯಬಹುದು. ರಕ್ತದಲ್ಲಿ ಮೂಲ ಔಷಧವೆಷ್ಟು, ದೇಹ ಅದನ್ನು ಪರಿವರ್ತಿಸಿದ ರೂಪವೆಷ್ಟು ಎಂಬ ಅನುಪಾತವೂ ಹೀಗೆಯೇ ಬೆಲೆಯುಳ್ಳದ್ದು. ಮೂಲ ಔಷಧವೇ ಅಧಿಕವಾಗಿದ್ದರೆ ಸೇವನೆಯ ನಂತರ ಬೇಗನೆ ಸಾವು ಬಂದಿರಬಹುದು. ಪರಿವರ್ತಿತ ರೂಪವೂ ಸಾಕಷ್ಟಿದ್ದರೆ ದಿನಗಳಿಂದ ನಡೆದುಬಂದ ಸೇವನೆಯ ಸೂಚನೆ.

ಮನೆಯವರು ತಿಳಿದಿರಬೇಕಾದ ಮಾತುಗಳು

ನಮ್ಮಲ್ಲಿ ಶಂಕಾಸ್ಪದ ಮರಣವಾದಾಗ ಜಠರ, ಕರುಳು, ಯಕೃತ್ತು, ಮೂತ್ರಪಿಂಡಗಳ ಭಾಗಗಳನ್ನು ಸಾಮಾನ್ಯವಾಗಿ ಅಡಿಗೆಯ ಉಪ್ಪಿನ ಗಾಢ ದ್ರಾವಣದಲ್ಲಿಟ್ಟು, ಮೊಹರು ಹಾಕಿ, ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ಪತ್ರಿಕೆಗಳಲ್ಲಿ ಬರುವ ‘ವಿಸೆರಾ ವರದಿ’ ಎಂಬುದು ಇದೇ. ಅನೇಕ ವೇಳೆ ಅದರಲ್ಲಿ ವಸ್ತುವಿನ ಹೆಸರಿರುತ್ತದೆಯೇ ಹೊರತು ಪ್ರಮಾಣವಿರುವುದಿಲ್ಲ. ಪ್ರಮಾಣವಿದ್ದಾಗಲೇ ಇಷ್ಟು ತೊಡಕಾದರೆ, ಬರಿಯ ಹೆಸರಿನಿಂದ ಏನನ್ನು ತೀರ್ಮಾನಿಸಬಹುದೆಂಬುದನ್ನು ವಾಚಕರೇ ಯೋಚಿಸಬೇಕು.

ಮರಣದ ಮನೆಯಲ್ಲಿ ಲೆಕ್ಕಾಚಾರದ ಮಾತು ಕಠೋರವಾಗಿ ತೋರೀತು. ಆದರೂ ಅಗಲಿದವರ ಹೆಸರಿಗೆ ಮಸಿ ಹತ್ತದಿರಲು ಮನೆಯವರು ಮಾಡಬಹುದಾದ ಕೆಲಸಗಳಿವೆ. ಮೃತರು ಸೇವಿಸುತ್ತಿದ್ದ ಮಾತ್ರೆಗಳ ಹಾಳೆಗಳನ್ನೂ ವೈದ್ಯರ ಚೀಟಿಗಳನ್ನೂ, ನಾಟಿಮದ್ದಿನ ಪೊಟ್ಟಣವನ್ನೂ ಸಹ, ಎಸೆಯದೆ ತನಿಖೆಯವರಿಗೆ ಒಪ್ಪಿಸಬೇಕು. ಎಷ್ಟು ದಿನಗಳಿಂದ ಯಾವ ಪ್ರಮಾಣದಲ್ಲಿ ಸೇವನೆ ನಡೆಯುತ್ತಿತ್ತೆಂಬುದನ್ನು ತಿಳಿಸಬೇಕು. ಮೂತ್ರಪಿಂಡ ಅಥವಾ ಯಕೃತ್ತಿನ ಬೇನೆಯಿದ್ದರೆ ಹೇಳಲೇಬೇಕು. ಅಂಥವರಲ್ಲಿ ಔಷಧ ಹೊರಹೋಗದೆ ಸಂಚಯವಾಗುತ್ತದೆ. ಕಡೆಯ ಗಳಿಗೆಯಲ್ಲಿ ಆಸ್ಪತ್ರೆಯಲ್ಲಿ ಕೊಟ್ಟ ಚುಚ್ಚುಮದ್ದುಗಳೂ ರಕ್ತದಲ್ಲಿ ಕಾಣಿಸಿಕೊಳ್ಳುತ್ತವೆ. ಉಸಿರಾಟದ ನಳಿಗೆಯನ್ನು ಇಳಿಸುವಾಗ ಹಚ್ಚುವ ಲಿಗ್ನೋಕೇನ್ ಲೇಪವೂ ವರದಿಯಲ್ಲಿ ಬಂದೀತು. ಆದ್ದರಿಂದ ಆಸ್ಪತ್ರೆಯ ದಾಖಲೆಯ ಪ್ರತಿ ಅಗತ್ಯ. ಆಸ್ಪತ್ರೆಗೆ ಸೇರಿಸಿದಾಗ, ಇನ್ನೂ ಜೀವವಿದ್ದಾಗ, ತೆಗೆದ ರಕ್ತ ಉಳಿದಿದ್ದರೆ ಅದನ್ನು ಚೆಲ್ಲದೆ ಕಾದಿರಿಸುವಂತೆ ಒಡನೆಯೇ ಕೇಳಿಕೊಳ್ಳುವುದು ಎಲ್ಲಕ್ಕಿಂತ ಮೇಲು. ಶವದ ರಕ್ತದ ತೊಡಕುಗಳಾವುವೂ ಅದಕ್ಕಿಲ್ಲ.

ವರದಿ ಕೈಸೇರಿದ ಮೇಲೆ ಕೇಳಬೇಕಾದ ಪ್ರಶ್ನೆಗಳೂ ಕೆಲವಿವೆ. ರಕ್ತವನ್ನು ತೆಗೆದದ್ದು ಹೃದಯದಿಂದಲೋ ತೊಡೆಯಿಂದಲೋ? ಸಾವಿನ ಬಳಿಕ ಎಷ್ಟು ಹೊತ್ತಿಗೆ? ದೇಹ ಅಲ್ಲಿಯವರೆಗೆ ಎಲ್ಲಿತ್ತು? ಬೇರೆ ಅಂಗಗಳ, ಕಣ್ಣಿನ ದ್ರವದ ಫಲಿತಾಂಶವೇನು? ಸರ್ಕಾರಿ ಪರೀಕ್ಷಕರ ವರದಿಯನ್ನು ಅವರು ಖುದ್ದಾಗಿ ಹಾಜರಾಗದೆಯೇ ಸಾಕ್ಷ್ಯವಾಗಿ ಸ್ವೀಕರಿಸಲು ನಮ್ಮ ಕಾನೂನಿನಲ್ಲಿ ಅವಕಾಶವಿದೆ. ಆದರೆ ನ್ಯಾಯಾಲಯ ಬಯಸಿದರೆ ಅವರನ್ನು ಕರೆಸಿ ವಿಚಾರಿಸಬಹುದೆಂಬುದೂ ಅದೇ ಕಾನೂನಿನಲ್ಲಿದೆ. ಅಂಕಿಯನ್ನು ಬರೆದವರ ಬಾಯಿಂದಲೇ ಅದರ ಅರ್ಥವನ್ನು ಕೇಳುವ ಹಕ್ಕನ್ನು ಮರೆಯಬಾರದು.

ಟೊರಾಂಟೊದ ಆ ದಾದಿಗೆ ಸರ್ಕಾರ ಮುಂದೆ ಪರಿಹಾರವನ್ನು ಕೊಟ್ಟಿತು. ಆದರೆ ಕೂಸುಗಳನ್ನು ಕಳೆದುಕ��ಂಡ ತಾಯ್ತಂದೆಗಳಿಗೆ ತಮ್ಮ ಮಗು ಸತ್ತದ್ದು ರೋಗದಿಂದಲೋ ಪರರ ಕೈಯಿಂದಲೋ ಎಂಬುದು ಇಂದಿಗೂ ಖಚಿತವಾಗಿ ತಿಳಿದಿಲ್ಲ. ಆ ರಕ್ತವನ್ನು ಮತ್ತೊಮ್ಮೆ, ಸರಿಯಾದ ಸ್ಥಳದಿಂದ, ಸರಿಯಾದ ಹೊತ್ತಿನಲ್ಲಿ ತೆಗೆಯಲು ಸಾಧ್ಯವಿಲ್ಲ. ಸತ್ತವರನ್ನು ಪ್ರಶ್ನೆ ಕೇಳಲು ನಮಗೆ ದೊರೆಯುವುದು ಒಂದೇ ಅವಕಾಶ. ಅದನ್ನು ಜಾಗರೂಕತೆಯಿಂದ ಬಳಸಿಕೊಳ್ಳುವುದು ಸತ್ತವರಿಗೂ ಬದುಕಿರುವವರಿಗೂ ನಾವು ಸಲ್ಲಿಸಬೇಕಾದ ಋಣ.